ಪ್ಯಾಡ್ ಸುಡೋ ಮಷೀನ್ ತಗೊಂಡು ಒಂದೂವರೆ ವರ್ಷ ಆಯ್ತು, ಬೂದಿ ಎಲ್ಲಿ ಹಾಕ್ಬೇಕು ಅಂತ ಮಾತ್ರ ಯಾರೂ ಹೇಳ್ಲಿಲ್ಲ

ಮೊದಲೇ ಹೇಳ್ಬಿಡ್ತೀನಿ, ಐದಕ್ಕೆ ಎರಡೂವರೆ. ಬರೀ ಮಷೀನ್ ಅಂತ ನೋಡಿದ್ರೆ ಮೂರೂವರೆ ಕೊಡ್ತಿದ್ದೆ, ಬೂದಿ ವಿಷ್ಯಕ್ಕೆ ಒಂದು ಕಟ್. ಕಂಪನಿ ಹೆಸರು ಹಾಕ್ತಿಲ್ಲ, ಕೇಳ್ಬೇಡಿ, ಯಾಕಂದ್ರೆ ತಗೊಳೋ ಮುಂಚೆ ನಾಲ್ಕು ಕಂಪನಿ ಬ್ರೋಷರ್ ತರಿಸ್ಕೊಂಡು ಊಟದ ಟೇಬಲ್ ಮೇಲೆ ಹರಡ್ಕೊಂಡು ಕೂತು ಓದಿದೀನಿ, ನಾಲ್ಕರಲ್ಲೂ ಅದೇ ಗುಲಾಬಿ ಬಣ್ಣ, ಅದೇ ನಗ್ತಾ ನಿಂತಿರೋ ಹುಡುಗಿ, ಅದೇ ಒಂದು ಸಾಲು, "ಕೊನೆಗೆ ಉಳಿಯೋದು ಒಂದು ಚಿಟಿಕೆ ಬೂದಿ ಮಾತ್ರ". ಆ ಚಿಟಿಕೆನ ಆಮೇಲೆ ಏನ್ಮಾಡ್ಬೇಕು ಅನ್ನೋದು ಯಾವುದರಲ್ಲೂ ಇಲ್ಲ. ಚಿಟಿಕೆನೂ ಅಲ್ಲ ಅದು, ಬರ್ತೀನಿ ಅಲ್ಲಿಗೆ.

ನಂದು ಮೈಸೂರು ಕುವೆಂಪುನಗರದಲ್ಲಿ ಒಂದು ಲೇಡೀಸ್ ಪಿಜಿ. 22 ಹುಡುಗೀರು, ಅರ್ಧ ಜನ ಕಾಲೇಜು, ಅರ್ಧ ಜನ ಕೆಲಸಕ್ಕೆ ಹೋಗೋರು. ಪಿಜಿ ನಡ್ಸೋರಿಗೆ ಗೊತ್ತಿರುತ್ತೆ ಟಾಯ್ಲೆಟ್ ಪೈಪ್ ಕಟ್ಕೊಂಡ್ರೆ ಏನು ಪಾಡು ಅಂತ. ಒಂದೇ ವರ್ಷದಲ್ಲಿ ಮೂರು ಸಲ ಪ್ಲಂಬರ್ ಬಂದು ಹಿತ್ಲ ಕಡೆ ಚೇಂಬರ್ ತೆಗೆದು ಬಿದಿರು ದಬ್ಬೆ ಹಾಕಿ ಎಳೆದ್ರೆ ಊದಿಕೊಂಡ ಪ್ಯಾಡುಗಳು ಒಂದರ ಹಿಂದೆ ಒಂದು ಬರ್ತಾನೇ ಇದ್ವು, ಮೂರನೇ ಸಲ ಆತ ಕೈ ತೊಳ್ಕೊಂಡು "ಅಕ್ಕ, ಇನ್ನೊಂದ್ಸಲ ಇದಕ್ಕೆ ಕರೀಬೇಡಿ, ಬೇರೆ ಏನಾದ್ರೂ ಇದ್ರೆ ಬರ್ತೀನಿ" ಅಂದು ಹೋದ. ಪೇಪರಲ್ಲಿ ಸುತ್ತಿ ಡಸ್ಟ್‌ಬಿನ್‌ಗೆ ಹಾಕ್ರಮ್ಮಾ ಅಂದ್ರೆ ಅರ್ಧ ಜನ ಹಾಕೋರು, ಅರ್ಧ ಜನ ಹಾಗೇ ಎಸೆಯೋರು, ರಾತ್ರಿ ನಾಯಿ ಬಂದು ಗೇಟ್ ಹತ್ರ ಎಳ್ದಾಡಿ ಹಾಕಿರೋದು, ಬೆಳಿಗ್ಗೆ ವಿಷಲ್ ಊದ್ಕೊಂಡು ಬರೋ ಪೌರಕಾರ್ಮಿಕ ಅಮ್ಮ ಅದನ್ನ ಬರಿಗೈಲಿ ಎತ್ತೋದು ನೋಡಿ ನಂಗೇ ನಾಚಿಕೆ ಆಗೋದು. ಹಂಗಾಗಿ ಮಷೀನ್ ಹಾಕ್ಸಿದ್ದು. 22,500 ರೂಪಾಯಿ, ಫಿಟ್ಟಿಂಗ್‌ಗೆ ಅಂತ ಬಂದವನು ಇನ್ನೊಂದು 2,000 ಈಸ್ಕೊಂಡ.

ಗೋಡೆಗೆ ಹಾಕೋ ಮಾಡೆಲ್. ಮೇಲೆ ಅಂಚೆ ಡಬ್ಬದ ಥರ ಬಾಯಿ, ಒಳಗೆ ಕಾಯಿಲ್, ಅಡಿಲಿ ಸ್ಟೀಲ್ ಟ್ರೇ, ಹಿಂದಿಂದ ಹೊಗೆ ಪೈಪ್. ಒಂದ್ಸಲಕ್ಕೆ 5 ಪ್ಯಾಡ್ ಅಂತ ಬರೆದಿದೆ, ಮೂರು ಹಾಕಿದ್ರೆ ನೆಮ್ಮದಿಯಾಗಿ ಸುಡುತ್ತೆ, ಐದು ಹಾಕಿದ್ರೆ ಬೇಯುತ್ತೆ ಅಷ್ಟೇ. 15 ನಿಮಿಷ ಅಂತ ಹೇಳಿದ್ದು ನಮ್ಮಲ್ಲಿ 35, 40 ಆಗುತ್ತೆ, ಅದು ಮಷೀನ್ ತಪ್ಪು ಅಂತ ಪೂರ್ತಿ ಹೇಳೋಕಾಗಲ್ಲ, ಪ್ಯಾಡ್ ಒಳಗೆ ನೀರು ಹೀರೋ ಜೆಲ್ ಪುಡಿ ಇರುತ್ತಲ್ಲ ಅದು ಒದ್ದೆನ ಬಿಟ್ಟುಕೊಡೋದೇ ಇಲ್ಲ, ಮೊದಲ ಅರ್ಧ ಕರೆಂಟೆಲ್ಲಾ ಆ ನೀರು ಆರ್ಸೋಕೇ ಹೋಗುತ್ತೆ. ಮೇಲಿನ ಹಾಳೆ ಪ್ಲಾಸ್ಟಿಕ್, ಕೆಳಗಿನ ಹಾಳೆನೂ ಪ್ಲಾಸ್ಟಿಕ್, ನಡುವೆ ಮರದ ನಾರಿನ ಹತ್ತಿ ಥರದ್ದು. ಹತ್ತಿ ಉರಿಯುತ್ತೆ, ಪ್ಲಾಸ್ಟಿಕ್ ಕರಗುತ್ತೆ, ಜೆಲ್ ಮುನಿಸ್ಕೊಂಡು ಕೂತಿರುತ್ತೆ. ವೋಲ್ಟೇಜ್ ಕಮ್ಮಿ ಇದ್ದ ದಿನ ಅಂತೂ ಕೇಳ್ಲೇಬೇಡಿ. ಎರಡು ಸಲ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಕರೆಂಟ್ ಕಟ್ ಮಾಡೋ ಸ್ವಿಚ್) ಬಿತ್ತು, ಗೀಸರ್ ಲೈನಿಂದ ಬೇರೆ ಲೈನಿಗೆ ಹಾಕ್ಸಿದ ಮೇಲೆ ಸರಿಹೋಯ್ತು. ಟಾಯ್ಲೆಟ್ ಪೈಪ್ ಅವತ್ತಿಂದ ಇವತ್ತಿನವರೆಗೂ ಕಟ್ಟಿಲ್ಲ, ಅದೊಂದಕ್ಕೆ ಎರಡು ಸ್ಟಾರ್ ಕೊಡ್ಬೇಕು.

ಈಗ ಟ್ರೇ ವಿಷ್ಯ.

ಹಾಕ್ಸಿದ ಎರಡನೇ ವಾರ ಮೊದಲನೇ ಸಲ ಟ್ರೇ ಎಳೆದೆ. ಮೇಲೆ ಮೆತ್ತಗೆ ಬಿಳಿ ಬೂದಿ, ಉಸಿರು ಬಿಟ್ರೆ ಹಾರೋ ಅಷ್ಟು ಹಗುರ. ಇಷ್ಟೇನಾ ಅನ್ಕೊಂಡು ಚಮಚ ಹಾಕಿದ್ರೆ ಕೆಳಗೆ ಟಣ್ ಅಂತು. ಅಡಿಲಿ ಕರ್ರಗೆ ಗಟ್ಟಿ ಹೊಪ್ಪಳ, ಕುಕ್ಕರಲ್ಲಿ ಸೀದ ಅನ್ನದ ತಳ ನೋಡಿ ಹಾಗೆ, ಟ್ರೇಗೆ ಅಂಟ್ಕೊಂಡು ಬರ್ತಾನೇ ಇಲ್ಲ. ಅದರ ಮಧ್ಯೆ ಮಧ್ಯೆ ಗಾಜಿನ ಮಣಿ ಥರ ಹೊಳೆಯೋ ಉಂಡೆಗಳು. ಸ್ಕ್ರೂಡ್ರೈವರ್ ತಗೊಂಡು ಕೆತ್ತಿದ್ರೆ ಟಯರ್ ಸುಟ್ಟ ವಾಸನೆ. ಪೊರಕೆ ತಗೊಂಡು ಉಳಿದಿದ್ದು ಗುಡಿಸೋಕೆ ಹೋದೆ ನೋಡಿ, ಅದು ನಾನ್ ಮಾಡಿದ ಮೊದಲನೇ ದಡ್ಡತನ, ಬಾತ್‌ರೂಮ್ ಪೂರ್ತಿ ಬೂದಿ ಎದ್ದು ಗಂಟ್ಲೊಳಗೆ ಕೂತು ಎರಡು ದಿನ ಕೆಮ್ಮು.

ಫಿಟ್ಟಿಂಗ್ ಮಾಡಿದವನನ್ನ ಅವತ್ತೇ ಕೇಳಿದ್ದೆ, ಬೂದಿ ಏನ್ಮಾಡೋದಪ್ಪಾ ಅಂತ. "ಗಿಡಕ್ಕೆ ಹಾಕಿ ಮೇಡಂ, ಒಳ್ಳೆ ಗೊಬ್ಬರ" ಅಂದಿದ್ದ. ಅದು ನಮ್ಮತ್ತೆ ಕಿವಿಗೆ ಬಿದ್ದಿತ್ತು. ನಮ್ಮತ್ತೆ ಕೆ.ಆರ್. ನಗರದ ಕಡೆಯವರು, ಜೀವಮಾನ ಪೂರ್ತಿ ಒಲೆ ಬೂದಿ ಜೊತೆ ಬಾಳಿದವರು, ಪಾತ್ರೆ ಉಜ್ಜೋಕೆ ಬೂದಿ, ಬಿತ್ತನೆ ಕಾಳಿಗೆ ಹುಳ ಬೀಳ್ದಂಗೆ ಬೂದಿ, ತಿಪ್ಪೆಗೆ ಬೂದಿ, ಚಿಕ್ಕೋರಿದ್ದಾಗ ಹಲ್ಲಿಗೂ ಬೂದಿ. ಹಿತ್ಲಲ್ಲಿ ಅವರ ಅವರೆ ಬಳ್ಳಿ ಇದೆ, ಅದಕ್ಕೆ ಕರೀ ಹೇನು ಹತ್ತಿತ್ತು. ನಾನು ಟ್ರೇ ಹಿಡ್ಕೊಂಡು ಹೊರಗೆ ಬರೋದಕ್ಕೂ ಅವರು ಮೊರ ಹಿಡ್ಕೊಂಡು ನಿಂತಿರೋದಕ್ಕೂ ಸರಿಹೋಯ್ತು. "ತತ್ತಾ ಇತ್ತ, ಬೂದಿ ಯಾಕವ್ವ ಬಿಸಾಕ್ತೀಯ, ಬಳ್ಳಿಗೆ ಎರಚ್ತೀನಿ." ನಾನು ಬೇಡ ಅತ್ತೆ, ಇದು ಆ ಬೂದಿ ಅಲ್ಲ ಅಂದೆ. "ಬೂದಿಲಿ ಯಾವ ಬೂದಿ ಯಾವ ಬೂದಿ ಅಂತ ಐತವ್ವ?" ಅಂತ ಅವರು.

ಆ ಮಾತಿಗೆ ನನ್ನ ಹತ್ರ ಆಗ ಉತ್ತರ ಇರ್ಲಿಲ್ಲ. ಒಲೆಲಿ ಸೌದೆ, ತೆಂಗಿನ ಚಿಪ್ಪು, ಗರಿ ಉರಿದ್ರೆ ಉಳಿಯೋದು ಮರ ನೆಲದಿಂದ ಎಳ್ಕೊಂಡಿದ್ದ ಸುಣ್ಣ, ಪೊಟ್ಯಾಶು, ಹಿಂಗೆ ಮತ್ತೆ ನೆಲಕ್ಕೇ ಹೋಗಬಹುದಾದ್ದು. ಪಾತ್ರೆ ಜಿಡ್ಡು ಬಿಡ್ಸೋದೂ ಆ ಕ್ಷಾರನೇ. ಪ್ಲಾಸ್ಟಿಕ್ಕು, ಜೆಲ್ಲು, ಅಂಟು ಅರೆಬರೆ ಸುಟ್ಟ ಬೂದಿಲಿ ಏನೇನಿರುತ್ತೆ ಅನ್ನೋದು ಏನೇನು ಸುಟ್ವಿ, ಎಷ್ಟು ಬಿಸಿಲಿ ಸುಟ್ವಿ ಅನ್ನೋದರ ಮೇಲೆ. ಹೆಸರು ಒಂದೇ ಆದ್ರೆ ಜಾತಕ ಬೇರೆ. ಬ್ರೋಷರ್‌ನವರು ಆಟ ಆಡಿರೋದೂ ಇಲ್ಲೇ ನೋಡಿ, ಬೂದಿ ಅನ್ನೋ ಪದಕ್ಕೆ ನಮ್ಮಲ್ಲಿ ಇರೋ ಮರ್ಯಾದೆನ ಪುಕ್ಕಟೆ ಬಳಸ್ಕೊಂಡಿದಾರೆ.

ನನ್ನ ತಂಗಿ ಒಂದು ನರ್ಸಿಂಗ್ ಹೋಮಲ್ಲಿ ನರ್ಸು. ಅವಳಿಗೆ ಫೋನ್ ಮಾಡಿ ನಿಮ್ಮಲ್ಲಿ ಹೆಂಗೆ ಅಂದೆ. ಅವಳು ಹೇಳಿದ ಮೇಲೆ ನಾನೂ ಕೂತು 2016ರ ರೂಲ್ಸ್ ಓದಿದೆ, ಎರಡು ಬೇರೆ ಬೇರೆ ರೂಲ್ಸ್ ಅವು, ಒಂದು ಊರಿನ ಘನತ್ಯಾಜ್ಯದ್ದು (ಅದರ ಜಾಗಕ್ಕೆ 2026ರಲ್ಲಿ ಹೊಸ ರೂಲ್ಸ್ ಬಂದಿದೆ), ಇನ್ನೊಂದು ಆಸ್ಪತ್ರೆ ತ್ಯಾಜ್ಯದ್ದು. ತಮಾಷೆ ಏನಂದ್ರೆ ಅದೇ ಪ್ಯಾಡು ವಾರ್ಡಲ್ಲಿ ಬಿದ್ರೆ ಹಳದಿ ಕವರು, ಬಾರ್‌ಕೋಡು, 48 ಗಂಟೆ ಒಳಗೆ ವಿಲೇವಾರಿ, ನಮ್ಮ ಪಿಜಿಲಿ ಬಿದ್ರೆ ಕಾಗದದಲ್ಲಿ ಸುತ್ತಿ ಕಸದ ಗಾಡಿ. ಆಸ್ಪತ್ರೆ ತ್ಯಾಜ್ಯ ಸುಡೋ ದೊಡ್ಡ ಇನ್ಸಿನರೇಟರ್‌ಗೆ ಎರಡು ಕೋಣೆ ಇರ್ಬೇಕು, ಮೊದಲನೇದರಲ್ಲಿ ಕಮ್ಮಿ ಅಂದ್ರೂ 800 ಡಿಗ್ರಿ, ಎರಡನೇದರಲ್ಲಿ ಹೊಗೆನೇ ಮತ್ತೆ 1,050 ಡಿಗ್ರಿ ಆಸುಪಾಸಲ್ಲಿ ಸುಡ್ಬೇಕು, ಆ ಹೊಗೆ ಅಲ್ಲಿ ಎರಡು ಸೆಕೆಂಡ್ ನಿಲ್ಬೇಕು, ಚಿಮಣಿ ನೆಲದಿಂದ 30 ಮೀಟರ್ ಎತ್ತರ. ಅಷ್ಟೆಲ್ಲಾ ಯಾಕಪ್ಪಾ ಅಂದ್ರೆ ಕ್ಲೋರಿನ್ ಇರೋ ಕಸ ಕಮ್ಮಿ ಬಿಸಿಲಿ ಹೊಗೆಯಾಡ್ಕೊಂಡು ಸುಟ್ರೆ ಡಯಾಕ್ಸಿನ್ ಅಂತ ಒಂದು ವಿಷ ಹುಟ್ಟುತ್ತೆ, ಅದು ಕ್ಯಾನ್ಸರ್ ತರೋ ಪೈಕಿ, ಹೊಗೆ ನಿಧಾನಕ್ಕೆ ತಣ್ಣಗಾಗ್ತಾ ಮಸಿಗೆ ಬೂದಿಗೆ ಅಂಟ್ಕೊಳುತ್ತೆ. ನಮ್ಮ ಮಷೀನಿಗೆ ಒಂದೇ ಕೋಣೆ, ಹೊಗೆ ಪೈಪ್ ಹತ್ತಡಿ, ಅದೂ ಪಕ್ಕದ ಮನೆಯವರು ಬಟ್ಟೆ ಒಣಗ್ಸೋ ಕಡೆ ಮುಖ ಮಾಡಿತ್ತು, ಜಗಳ ಆದ್ಮೇಲೆ ತಾರಸಿ ಮೇಲಕ್ಕೆ ಏರಿಸಿದ್ವಿ.

ಆ ರೂಲ್ಸಲ್ಲೇ ಬೂದಿಗೂ ಒಂದು ಪರೀಕ್ಷೆ ಇದೆ, ನಂಗೆ ತುಂಬಾ ಇಷ್ಟ ಆಗಿದ್ದು. ಬೂದಿನ ಮತ್ತೆ ಚೆನ್ನಾಗಿ ಕಾಯ್ಸಿದ್ರೆ ಅದರ ತೂಕ 5 ಪರ್ಸೆಂಟ್‌ಗಿಂತ ಜಾಸ್ತಿ ಇಳೀಬಾರ್ದಂತೆ. ಇಳೀತು ಅಂದ್ರೆ ಒಳಗೆ ಇನ್ನೂ ಸುಡದೇ ಇರೋದು ಉಳಿದಿತ್ತು, ನಿಮ್ಮ ಇನ್ಸಿನರೇಟರ್ ಕೆಲಸ ಪೂರ್ತಿ ಮಾಡಿಲ್ಲ ಅಂತ ಅರ್ಥ. ಎಷ್ಟು ಸರಳ ಅಲ್ವಾ. ನಾನು ಒಂದು ಹಳೇ ಸೌಟಲ್ಲಿ ಆ ಕರೀ ಹೊಪ್ಪಳದ ಚೂರು ಇಟ್ಟು ತಾರಸಿ ಮೇಲೆ ಸಣ್ಣ ಗ್ಯಾಸ್ ಸ್ಟೌ ಮೇಲೆ ಹಿಡಿದೆ (ಯಾರೂ ಮಾಡ್ಬೇಡಿ ದಯವಿಟ್ಟು, ನಾನು ಗಾಳಿ ಬೆನ್ನಿಗೆ ಬರೋ ಹಾಗೆ ನಿಂತು ಮಾಡಿದ್ದು, ಆದ್ರೂ ತಪ್ಪೇ). ಒಂದು ನಿಮಿಷ ಸುಮ್ನಿತ್ತು, ಆಮೇಲೆ ಅಂಚು ಕೆಂಪಗಾಯ್ತು, ಕರೀ ಹೊಗೆ ಎದ್ದು ಒಂದು ಸಣ್ಣ ಜ್ವಾಲೆನೂ ಬಂತು. ಬೂದಿ ಅನ್ನೋದು ಉರಿಯುತ್ತೇನ್ರೀ? ಅದು ಬೂದಿನೇ ಅಲ್ಲ, ಅರ್ಧಕ್ಕೆ ಬಿಟ್ಟ ಪ್ಲಾಸ್ಟಿಕ್ಕು. ಆ ಸೌಟನ್ನ ಅವತ್ತೇ ಗುಜರಿಗೆ ಹಾಕಿದೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಹುಡುಗ ತುಂಬಾ ಮರ್ಯಾದೆಯಿಂದ ಮಾತಾಡ್ದ, ಅದನ್ನ ಹೇಳ್ಬೇಕು. ಎಎಂಸಿ (ವರ್ಷದ ಸರ್ವಿಸ್ ಕಾಂಟ್ರಾಕ್ಟ್) ಬೇಕಾ ಮೇಡಂ ಅಂದ, ಕಾಯಿಲ್ ಬದಲಾಯಿಸ್ಬೇಕಾ ಅಂದ, ಟ್ರೇ ಬೇಕಾದ್ರೆ 1,800 ಅಂದ. ಬೂದಿ ಎಲ್ಲಿ ಹಾಕ್ಲಿ ಅಂದೆ. ಒಂದು ಕ್ಷಣ ಸುಮ್ನಾಗಿ "ಅದು ನಿಮ್ಮ ಕಾರ್ಪೊರೇಷನ್‌ನವರಿಗೆ ಕೊಟ್ಬಿಡಿ" ಅಂದ. ಸರಿ, ಮಾರನೇ ದಿನ ಬೆಳಿಗ್ಗೆ ವಿಷಲ್ ಕೇಳ್ತಿದ್ದಂಗೆ ಕವರ್ ಹಿಡ್ಕೊಂಡು ಓಡಿದೆ. ಆ ಅಮ್ಮ ಕವರ್ ಬಿಚ್ಚಿ ನೋಡಿ "ಬೂದಿ ತಾನೆ, ಹಸಿ ಕಸಕ್ಕೆ ಹಾಕ್ರಕ್ಕ" ಅಂದ್ರು. ಅವರದ್ದೇನು ತಪ್ಪಿಲ್ಲ, ಮನೆಗಳಿಂದ ಬರೋ ಬೂದಿ ಅಂದ್ರೆ ಒಲೆದೇ ಅಲ್ವಾ ಅವರಿಗೆ ಗೊತ್ತಿರೋದು. ಆದ್ರೆ ಹಸಿ ಕಸ ಹೋಗೋದು ಗೊಬ್ಬರಕ್ಕೆ, ಆ ಗೊಬ್ಬರ ಹೋಗೋದು ಯಾವನೋ ರೈತನ ಹೊಲಕ್ಕೆ. ಅತ್ತೆ ಬಳ್ಳಿಗೆ ಬೇಡ ಅಂದಿದ್ದನ್ನ ಇನ್ನೊಬ್ಬರ ಬಳ್ಳಿಗೆ ಹಾಕ್ಸೋಕೆ ನಂಗೆ ಮನಸ್ಸು ಬರ್ಲಿಲ್ಲ. ವಾಪಸ್ ತಂದು ಮೆಟ್ಟಿಲ ಕೆಳಗೆ ಇಟ್ಟೆ, ಅಲ್ಲಿ ನಾಲ್ಕು ತಿಂಗಳು ಪೇಂಟ್ ಡಬ್ಬದಲ್ಲಿ ಕೂತಿತ್ತು ಅದು.

ಆ ನಾಲ್ಕು ತಿಂಗಳಲ್ಲಿ ತೂಕ ಹಾಕಿದೀನಿ. ತಿಂಗಳಿಗೆ ಮುಕ್ಕಾಲು ಕೆಜಿ ಹತ್ರ ಬರ್ತಿತ್ತು, ಚಿಟಿಕೆಯಂತೆ ಚಿಟಿಕೆ.

ದೊಡ್ಡ ಮಟ್ಟದಲ್ಲೂ ಇದೇ ಪಾಡು ಅಂತ ಆಮೇಲೆ ಗೊತ್ತಾಯ್ತು. ಬೆಂಗಳೂರಿಗೆ ಹೋಗೋವಾಗ ಬಿಡದಿಲಿ ತಟ್ಟೆ ಇಡ್ಲಿಗೆ ನಿಲ್ತೀವಲ್ಲ, ಆ ಬಿಡದಿಲೇ ಬೆಂಗಳೂರಿನ ಕಸ ಸುಟ್ಟು ಕರೆಂಟ್ ಮಾಡೋ ಪ್ಲಾಂಟ್ ಹಾಕಿದಾರೆ, ದಿನಕ್ಕೆ 600 ಟನ್, 11.5 ಮೆಗಾವ್ಯಾಟ್ ಲೆಕ್ಕದ್ದು. ಇಂಥ ಪ್ಲಾಂಟಲ್ಲಿ ಕಸದ ಗಾತ್ರ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತೆ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ತೂಕ ಹಾಕಿದ್ರೆ ಸಾಮಾನ್ಯವಾಗಿ 100 ಕೆಜಿ ಕಸಕ್ಕೆ 20, 25 ಕೆಜಿ ಬೂದಿ ಉಳಿಯುತ್ತೆ, ನಮ್ಮ ಕಸದ ಹಾಗೆ ಮಣ್ಣು ಕಲ್ಲು ಸೇರಿದ್ರೆ ಇನ್ನೂ ಜಾಸ್ತಿ. ಅದರಲ್ಲೂ ಎರಡು ಥರ. ತಳದಲ್ಲಿ ಬೀಳೋ ಬೂದಿ ಒಂದು, ಅದನ್ನ ನೀರಿಗೆ ಬೀಳ್ಸಿ ತಣ್ಣಗೆ ಮಾಡಿ, ಕಬ್ಬಿಣ ಗಿಬ್ಬಿಣ ಆಯಸ್ಕಾಂತ ಇಟ್ಟು ತೆಗೀತಾರೆ, ಕೆಲವು ದೇಶದಲ್ಲಿ ರಸ್ತೆ ತಳಕ್ಕೆ ಹಾಕ್ತಾರೆ. ಇನ್ನೊಂದು ಹೊಗೆ ಜೊತೆ ಹಾರಿ ಫಿಲ್ಟರಲ್ಲಿ ಸಿಕ್ಕೊಳೋ ಹಾರುಬೂದಿ, ಕಮ್ಮಿನೇ ಇರುತ್ತೆ ಆದ್ರೆ ಸೀಸ, ಕ್ಯಾಡ್ಮಿಯಂ, ಡಯಾಕ್ಸಿನ್ ಎಲ್ಲಾ ಬಂದು ಸೇರೋದು ಅಲ್ಲೇ. ಹೊಗೆನ ಎಷ್ಟು ಚೆನ್ನಾಗಿ ಶುದ್ಧ ಮಾಡ್ತೀರೋ ಈ ಬೂದಿ ಅಷ್ಟು ಕೆಟ್ಟದಾಗುತ್ತೆ, ವಿಷ ಎಲ್ಲೂ ಹೋಗಲ್ಲ ಜಾಗ ಬದಲಾಯಿಸುತ್ತೆ. ಇಂಥದ್ದನ್ನ ಸಿಮೆಂಟೋ ಸುಣ್ಣನೋ ಕಲೆಸಿ ಗಟ್ಟಿ ಮಾಡಿ, ಕೆಳಗೆ ಜೇಡಿಮಣ್ಣು, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿರೋ ಗುಂಡಿಲಿ ಇಡ್ಬೇಕು. ನಮ್ಮ ರಾಜ್ಯದಲ್ಲಿ ದಾಬಸ್‌ಪೇಟೆ ಹತ್ರ ಅಪಾಯಕಾರಿ ತ್ಯಾಜ್ಯಕ್ಕೆ ಅಂಥ ಜಾಗ ಇದೆ. ಸಿಂಗಾಪುರದೋರಂತೂ ಕಸ ಸುಟ್ಟ ಬೂದಿನ ದೋಣಿಲಿ ಸಾಗ್ಸಿ ಸಮುದ್ರದ ಮಧ್ಯೆ ಸೆಮಕಾವ್ ಅನ್ನೋ ಕಡೆ 1999ರಿಂದ ತುಂಬ್ತಾ ಇದಾರೆ, ಸುತ್ತ ಕಲ್ಲಿನ ಕಟ್ಟೆ ಕಟ್ಟಿ ನೀರು ಒಳಗೂ ಬರ್ದಂಗೆ ಹೊರಗೂ ಹೋಗ್ದಂಗೆ ಮಾಡಿ. ಒಂದು ದೇಶ ತನ್ನ ಬೂದಿಗೆ ಅಂತ ದ್ವೀಪ ಕಟ್ಟುತ್ತೆ, ನಂಗೆ ಗಿಡಕ್ಕೆ ಹಾಕಿ ಅಂತಾರೆ.

ಈ ನಡುವೆ ಒಂದು ಅನಾಹುತನೂ ಆಯ್ತು, ಅದನ್ನ ಬರೀದೇ ಹೋದ್ರೆ ರಿವ್ಯೂ ಅಪೂರ್ಣ. ಮಷೀನ್ ಬಾಯಿ ಅಂಚೆ ಡಬ್ಬದ ಥರ ಇದೆ ಅಂದ್ನಲ್ಲ, ಹುಡುಗೀರಿಗೆ ಅದು ಡಸ್ಟ್‌ಬಿನ್ ಥರನೇ ಕಾಣೋದು. ಶಾಂಪೂ ಪ್ಯಾಕೆಟ್ಟು, ವ್ಯಾಕ್ಸ್ ಪಟ್ಟಿ, ಒಂದ್ಸಲ ಯಾರೋ ಯೂಸ್ ಅಂಡ್ ಥ್ರೋ ರೇಜರ್ ಹಾಕಿದಾರೆ. ಪ್ಲಾಸ್ಟಿಕ್ ಹಿಡಿ ಕರಗಿ ಹೋಗಿದೆ, ಬ್ಲೇಡ್ ಬೂದಿ ಒಳಗೆ ಹಾಗೇ ಇದೆ. ಕ್ಲೀನಿಂಗ್‌ಗೆ ಬರೋ ಅಕ್ಕ ಟ್ರೇಗೆ ಕೈ ಹಾಕಿದ್ರು, ಹೆಬ್ಬೆರಳು ಸೀಳ್ತು, ಎರಡು ಹೊಲಿಗೆ, ಟಿಟಿ ಇಂಜೆಕ್ಷನ್ನು. ತಪ್ಪು ನಂದೇ, ಗ್ಲೌಸ್ ಕೊಟ್ಟಿರ್ಲಿಲ್ಲ, ಬೂದಿ ಅಂದ್ರೆ ಮೆತ್ತಗಿರುತ್ತೆ ಅನ್ಕೊಂಡಿದ್ದೆ. ಅವತ್ತಿಂದ ಟ್ರೇ ಕೆಲಸ ನಾನೇ ಮಾಡ್ತೀನಿ. ಬಾಗಿಲಿಗೆ ದೊಡ್ಡದಾಗಿ ಬರೆದು ಅಂಟ್ಸಿದೀನಿ, "ಪ್ಯಾಡ್ ಮಾತ್ರ. ಬೇರೆ ಏನೇ ಹಾಕಿದ್ರೂ ಈ ಸಲ ಟ್ರೇ ನಿಮ್ಮ ಪಾಲು." ಕೆಲಸ ಮಾಡ್ತು ಅದು.

ಈಗ ನಾನು ಮಾಡೋದು ಹಿಂಗೆ, ತಜ್ಞೆ ಅಲ್ಲ, ಬಿದ್ದು ಎದ್ದು ಕಲ್ತಿದ್ದು. ರಾತ್ರಿ ಮಷೀನ್ ಆಫ್ ಮಾಡಿ ಬೆಳಿಗ್ಗೆವರೆಗೂ ಮುಟ್ಟಲ್ಲ, ಬಿಸಿ ಬೂದಿ ಕವರಿಗೆ ಹಾಕಿ ಕವರಿಗೇ ಬೆಂಕಿ ಹತ್ಕೊಂಡಿರೋ ಕಥೆ ಪಕ್ಕದ ಪಿಜಿಲಿ ಆಗಿದೆ. ಮಾಸ್ಕು, ರಬ್ಬರ್ ಗ್ಲೌಸು. ಮೊದ್ಲು ಬಟ್ಟೆ ಇಸ್ತ್ರಿಗೆ ನೀರು ಚಿಮುಕಿಸ್ತೀವಲ್ಲ ಆ ಸ್ಪ್ರೇ ಬಾಟಲಿಂದ ಬೂದಿ ಮೇಲೆ ನೀರು, ತೊಪ್ಪೆ ಆಗೋಷ್ಟು ಅಲ್ಲ, ಹಾರದೇ ಇರೋಷ್ಟು. ಆಮೇಲೆ ಗೋಡೆ ಪುಟ್ಟಿ ಹಚ್ಚೋ ಪಟ್ಟಿಲಿ ಕೆತ್ತಿ ನೇರ ಹಾಲಿನ ಕವರ್‌ಗೆ, ಅದನ್ನ ಇನ್ನೊಂದು ದಪ್ಪ ಕವರ್‌ಗೆ, ಬಿಗಿಯಾಗಿ ಗಂಟು. ಕರೀ ಹೊಪ್ಪಳ ಜಾಸ್ತಿ ಇದ್ರೆ ಮತ್ತೊಂದ್ಸಲ ಖಾಲಿ ಮಷೀನಲ್ಲಿ ಸುಡ್ತೀನಿ, ಕರೆಂಟ್ ದಂಡ ಆದ್ರೂ ಪರವಾಗಿಲ್ಲ. ಟ್ರೇನ ಸಿಂಕಲ್ಲಿ ತೊಳೆಯಲ್ಲ. ಕವರ್ ಮೇಲೆ ಕೆಂಪು ಮಾರ್ಕರಲ್ಲಿ ದೊಡ್ಡ ಚುಕ್ಕಿ, ಬೆಂಗಳೂರಲ್ಲಿ ಪ್ಯಾಡ್ ಸುತ್ತಿದ ಪೇಪರ್ ಮೇಲೆ ಕೆಂಪು ಚುಕ್ಕಿ ಹಾಕ್ತಾರಲ್ಲ ಅದೇ ಐಡಿಯಾ, ಕೆಳಗೆ "ಪ್ಯಾಡ್ ಬೂದಿ, ಗೊಬ್ಬರಕ್ಕೆ ಬೇಡ". ಹಸಿ ಕಸಕ್ಕೂ ಅಲ್ಲ, ಮಾರೋ ಒಣ ಕಸಕ್ಕೂ ಅಲ್ಲ, ಡೈಪರ್ ಪ್ಯಾಡ್ ಹೋಗೋ ಕಡೆ ಹೋಗ್ಲಿ ಅಂತ ಬೇರೆಯಾಗಿ ಅವರ ಕೈಗೇ ಕೊಡ್ತೀನಿ. ಆ ಪೌರಕಾರ್ಮಿಕ ಅಮ್ಮಂಗೆ ಒಂದಿನ ಕೂರ್ಸಿ ಕಾಫಿ ಕೊಟ್ಟು ಆ ಸುಟ್ಟ ಹೊಪ್ಪಳ ತೋರ್ಸಿದೆ, ಮೂಸಿ ನೋಡಿ ಮುಖ ಕಿವುಚಿ "ಅಯ್ಯೋ ಇದಾ" ಅಂದ್ರು, ಆಮೇಲೆ ಒಂದ್ಸಲಾನೂ ವಾದ ಮಾಡಿಲ್ಲ. ಗಾಡಿ ಹೋದ ಮೇಲೆ ಅದು ಕೊನೆಗೆ ಸೇರೋದು ಗುಂಡಿಗೇ, ದಾಬಸ್‌ಪೇಟೆಗಂತೂ ಹೋಗಲ್ಲ, ಆದ್ರೂ ಯಾರ ತಟ್ಟೆಗೂ ಹೋಗಲ್ಲ ಅನ್ನೋದಷ್ಟೇ ನನ್ನ ಸಮಾಧಾನ.

ಇನ್ನೊಂದು ಬದಲಾವಣೆ ಆಗಿದೆ, ಮಷೀನಿಗೆ ಸಂಬಂಧ ಇಲ್ಲ. ಚಾಮರಾಜನಗರದಿಂದ ಬಂದಿರೋ ಒಬ್ಬ ಹುಡುಗಿ ಕಪ್ ಬಳಸ್ತಾಳೆ, ಅವರ ಜಿಲ್ಲೆಲಿ ಸರ್ಕಾರದೋರು ಶುಚಿ ಯೋಜನೆಲಿ ಮುಟ್ಟಿನ ಕಪ್ ಕೊಡೋ ಪ್ರಯೋಗ ಮಾಡಿದ್ರಲ್ಲ, ದಕ್ಷಿಣ ಕನ್ನಡದಲ್ಲೂ ಮಾಡಿದ್ರು. ಅವಳನ್ನ ನೋಡಿ ಈಗ ಆರು ಜನ ಕಪ್. ನಾನು ಯಾರಿಗೂ ಒತ್ತಾಯ ಮಾಡಿಲ್ಲ, ಅದು ಅವರವರ ಮೈ, ಅವರವರ ಇಷ್ಟ. ಆದ್ರೆ ಟ್ರೇ ತೂಕ ಅರ್ಧ ಕೆಜಿಗೆ ಇಳಿದಿದೆ, ಬೂದಿ ಕಮ್ಮಿ ಮಾಡೋಕೆ ನಾನು ಕಂಡ ಒಳ್ಳೇ ಮಷೀನ್ ಅದೇ, ಬೆಲೆನೂ ಕಮ್ಮಿ.

ತಗೋಬೇಕಾ ಬೇಡ್ವಾ ಅಂದ್ರೆ, ಮನೆಗೆ ಬೇಡವೇ ಬೇಡ, ಇಬ್ಬರು ಮೂವರು ಇರೋ ಮನೆಗೆ ಪೇಪರ್ ಸುತ್ತಿ ಬೇರೆ ಕೊಡೋದೇ ಲೇಸು. ಅಪಾರ್ಟ್‌ಮೆಂಟ್‌ನೋರು ಐವತ್ತು ಮನೆಗೆ ಒಂದು ಮಷೀನ್ ಅಂತ ಹೊರಟಿದ್ರೆ ಮೊದ್ಲು ಬೂದಿ ಯಾರು ಎತ್ತೋದು ಅಂತ ಮೀಟಿಂಗಲ್ಲಿ ಕೇಳಿ, ಎಲ್ಲರೂ ಸುಮ್ನಾಗ್ತಾರೆ. ನಮ್ಮಂಥ ಪಿಜಿಗೆ ಬೇರೆ ದಾರಿ ಇಲ್ದೇ ಇದ್ರೆ ತಗೊಳಿ, ಎರಡು ಕೋಣೆ ಇರೋ ಮಾಡೆಲ್ ನೋಡಿ, ಬಿಸಿ ಎಷ್ಟು ಡಿಗ್ರಿ ಅಂತ ತೋರ್ಸೋ ಮೀಟರ್ ಇದ್ಯಾ ನೋಡಿ (ನಮ್ಮದರಲ್ಲಿ ಬರೀ ಕೆಂಪು ಲೈಟು), ಹೊಗೆ ಪೈಪ್ ತಾರಸಿ ದಾಟ್ಸಿ, ಇನ್ನೊಂದು ಟ್ರೇ ಮೊದಲೇ ಬಿಲ್ಲಲ್ಲಿ ಸೇರಿಸ್ಕೊಳಿ, ಆಮೇಲೆ 1,800 ಕೊಡೋ ಬದಲು.

ಎಎಂಸಿಗೆ ಅಂತ ಹೋದ ವಾರ ಮತ್ತೆ ಫೋನ್ ಬಂದಿತ್ತು. ಬೂದಿ ಬಗ್ಗೆ ಮ್ಯಾನ್ಯುಯಲಲ್ಲಿ ಒಂದು ಪುಟ ಬರೆದು ಕಳ್ಸಿ, ಮರುದಿನನೇ ದುಡ್ಡು ಹಾಕ್ತೀನಿ ಅಂದೆ. ಮೇಲಿನವರಿಗೆ ಹೇಳ್ತೀನಿ ಮೇಡಂ ಅಂದ, ಇನ್ನೂ ಬಂದಿಲ್ಲ. ಅತ್ತೆ ಅವರೆ ಬಳ್ಳಿಗೆ ಈಗ ಊರಿಂದ ನಮ್ಮ ಮೈದ ಬಂದಾಗೆಲ್ಲಾ ಹಾರ್ಲಿಕ್ಸ್ ಬಾಟಲಲ್ಲಿ ಒಲೆ ಬೂದಿ ತರ್ತಾನೆ, ಮುಚ್ಚಳದ ಮೇಲೆ ಅತ್ತೆನೇ ಸುಣ್ಣದಲ್ಲಿ ಒಂದು ಗೀಟು ಎಳೆದಿಟ್ಟಿದಾರೆ, ನನ್ನ ಡಬ್ಬದ ಜೊತೆ ಅದಲು ಬದಲು ಆಗ್ಬಾರ್ದು ಅಂತ.